ಆಕ್ಷೇಪಣೆಗೆ ಹಿಂಬರಹ ಎಲ್ಲಿ?

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನಲ್ಲಿ ರಸ್ತೆ ವಿಸ್ತರಣೆಯಿರಲಿ, ಮೇಲ್ಸೇತುವೆಯಿರಲಿ, ನಗರದ ಬೆಳವಣಿಗೆಯ ಮಹಾಯೋಜನೆಯೇ (ಮಾಸ್ಟರ್ ಪ್ಲಾನ್) ಇರಲಿ, ‘ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸಲಾಗಿದೆ’ ಎಂಬ ಪ್ರಕಟಣೆಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಹಾಗೆ ಆಹ್ವಾನಿಸಿ ಪಡೆದ ಆಕ್ಷೇಪಣೆಗಳು ಆಮೇಲೆ ಏನಾದವು ಎಂದು ತಿಳಿಸುವ ಪ್ರಕಟಣೆಯನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ಜನ ಯಾವ ಯೋಜನೆಯನ್ನೂ ನಂಬುವುದಿಲ್ಲ ಎಂದು ಬೇಸರಪಡುವ ಅಧಿಕಾರಿಗಳ ಗಮನಕ್ಕೆ ಈ ಕೊರತೆಯನ್ನು ತರಬೇಕೆನಿಸಿ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಮುಖ್ಯರಸ್ತೆಯ ವಿಸ್ತರಣೆ ಕುರಿತು ಶಾಲೆಯೊಂದರಲ್ಲಿ ಅಹವಾಲು ಸಭೆ ನಡೆಯಿತು. ಗೋಡೆಗೆ ಅಂಟಿಸಿದ್ದ ನಕ್ಷೆಯ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ಅದೇ ರಸ್ತೆಯಲ್ಲಿ ಹೂವು ಮಾರುವ ವೃದ್ಧೆಯೊಬ್ಬರು ಎದ್ದು ನಿಂತು, ‘ಬಸ್‌ಸ್ಟಾಪು ಎಲ್ಲಿಗೆ ಹೋಗುತ್ತೆ ಸ್ವಾಮಿ?’ ಎಂದು ಕೇಳಿದರು. ಎಂಜಿನಿಯರ್ ನಕ್ಷೆಯ ಮೇಲೆ ಎರಡು ಸಲ ಬೆರಳಾಡಿಸಿ, ‘ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ, ಬಸ್ಸಿನವರನ್ನು ಕೇಳಿ’ ಎಂದರು. ನನ್ನನ್ನೂ ಸೇರಿಸಿ ಹತ್ತಾರು ಜನ ಅಂದು ಉದ್ದುದ್ದ ಮಾತನಾಡಿದೆವಾದರೂ ಆ ಸಭೆಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು. ಅದನ್ನೇ ಆಕ್ಷೇಪಣೆಯಾಗಿ ಬರೆದುಕೊಟ್ಟೆ. ಮೊಹರು ಒತ್ತಿದ ಸ್ವೀಕೃತಿ ಕೈಗೆ ಬಂತು, ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬರಲಿಲ್ಲ. ಕಾಮಗಾರಿ ಮುಗಿದ ಮೇಲೆ ನೋಡಿದರೆ ನಿಲ್ದಾಣ ಸಿಗ್ನಲ್ ದಾಟಿ ಮೋರಿಯ ಪಕ್ಕಕ್ಕೆ ಹೋಗಿತ್ತು. ಅಲ್ಲಿ ಪಾದಚಾರಿ ಮಾರ್ಗವಿಲ್ಲದ ಕಾರಣ ಜನ ರಸ್ತೆಯಲ್ಲೇ ನಿಂತು ಬಸ್ಸು ಕಾಯುತ್ತಾರೆ.

ಪ್ರಶ್ನೆ ಕೇಳುವವರೆಲ್ಲ ಅಭಿವೃದ್ಧಿಯ ವಿರೋಧಿಗಳು ಎಂಬ ಮಾತು ಸುಲಭವಾಗಿ ಬರುತ್ತದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆಗೆ 2016ರಲ್ಲಿ ಸಿದ್ಧತೆ ನಡೆದಾಗ ಎಂಟುನೂರಕ್ಕೂ ಹೆಚ್ಚು ಮರಗಳು ಉರುಳಲಿವೆ ಎಂಬುದು ಜನರಿಗೆ ಸರಿಯಾಗಿ ಗೊತ್ತಾದದ್ದೇ ತಡವಾಗಿ. ಅಕ್ಟೋಬರ್ 16ರಂದು ಸಾವಿರಾರು ಮಂದಿ ರಸ್ತೆಯುದ್ದಕ್ಕೂ ಮಾನವ ಸರಪಳಿ ರಚಿಸಿ ‘ಬೇಡ’ ಎಂದರು. ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಆದರೆ ಇದೇ ಊರಿನ ಜನ ಉಪನಗರ ರೈಲಿಗಾಗಿ ‘ಚುಕು ಚುಕು ಬೇಕು’ ಎಂದೂ ಬೀದಿಗಿಳಿದಿದ್ದರು ಎಂಬುದನ್ನು ಮರೆಯುವಂತಿಲ್ಲ. 148 ಕಿ.ಮೀ. ಉದ್ದದ ಆ ಯೋಜನೆಗೆ 2020ರಲ್ಲಿ ಕೇಂದ್ರದ ಒಪ್ಪಿಗೆ ದೊರೆಯಿತು. ಬೇಡವೆಂದವರಿಗೆ ಏನು ಬೇಕೆಂಬುದು ಚೆನ್ನಾಗಿಯೇ ಗೊತ್ತಿತ್ತು. ಯೋಜನೆ ರೂಪಿಸುವ ಮೊದಲು ಕೇಳಿದ್ದರೆ ಆಗಲೇ ಹೇಳುತ್ತಿದ್ದರು.

ಮಹಾಯೋಜನೆಯ ಕಥೆ ಇನ್ನೂ ವಿಚಿತ್ರ. 2031ರವರೆಗಿನ ಕರಡನ್ನು 2017ರಲ್ಲಿ ಪ್ರಕಟಿಸಿದಾಗ ಸಾವಿರಾರು ಆಕ್ಷೇಪಣೆಗಳು ಬಂದವು. ಕೊನೆಗೆ ಆ ಕರಡನ್ನೇ ಹಿಂಪಡೆಯಲಾಯಿತು. ರಜೆ ಹಾಕಿ, ಸರ್ವೆ ನಂಬರ್ ಹುಡುಕಿ, ನಕ್ಷೆಯ ಪ್ರತಿ ಲಗತ್ತಿಸಿ ಬರೆದವರ ಶ್ರಮವೂ ಅದರೊಂದಿಗೇ ಕಡತ ಸೇರಿತು. ಸಾಲದ್ದಕ್ಕೆ, 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಚುನಾವಣೆ ನಡೆಯದೆ ವರ್ಷಗಳೇ ಉರುಳಿದವು. ಮನೆ ಹತ್ತಿರದ ಕಾರ್ಪೊರೇಟರನ್ನು ಹಿಡಿದು ಜಗಳವಾಡುವ ದಾರಿಯೂ ಆ ಅವಧಿಯಲ್ಲಿ ಇರಲಿಲ್ಲ.

ಒಂದೇ ಒಕ್ಕಣೆಯ ನೂರಾರು ಇ–ಮೇಲ್‌ಗಳು ಬರುತ್ತವೆ, ಎಲ್ಲಕ್ಕೂ ಉತ್ತರಿಸುವುದು ಹೇಗೆ ಎಂದು ಅಧಿಕಾರಿಗಳು ಕೇಳಬಹುದು. ಅದು ನಿಜವಾದ ತೊಂದರೆಯೇ. ಅಂಥವನ್ನು ಒಟ್ಟುಗೂಡಿಸಿ ಒಂದೇ ಉತ್ತರ ಕೊಟ್ಟರೂ ಸಾಕು. ಒಪ್ಪಿದ್ದರೆ ನಕ್ಷೆಯಲ್ಲಿ ಆದ ಬದಲಾವಣೆ ಏನು, ಒಪ್ಪದಿದ್ದರೆ ಕಾರಣವೇನು ಎಂಬುದಷ್ಟೇ ಅದರಲ್ಲಿರಬೇಕು. ನನ್ನ ಆಕ್ಷೇಪಣೆ ತಿರಸ್ಕೃತವಾದರೂ ಬೇಸರವಿಲ್ಲ, ಓದದೇ ಬದಿಗಿಟ್ಟರೆಂಬ ಅನುಮಾನವನ್ನು ಸಹಿಸುವುದು ಕಷ್ಟ. ಪ್ರಮಾಣಪತ್ರ, ಪರವಾನಗಿಗಳ ಅರ್ಜಿಗಳನ್ನು ಇಂತಿಷ್ಟು ದಿನದೊಳಗೆ ವಿಲೇವಾರಿ ಮಾಡಬೇಕೆಂದು ‘ಸಕಾಲ’ದಲ್ಲಿ ಗಡುವು ಹಾಕಿಕೊಂಡ ರಾಜ್ಯ ನಮ್ಮದು. ಸಾವಿರಾರು ಕೋಟಿಯ ಕಾಮಗಾರಿಯ ಕುರಿತ ಅರ್ಜಿಗೆ ಅಂಥದೊಂದು ಗಡುವು ಏಕಿರಬಾರದು?

ನಗರದ ಸಾರಿಗೆಗೆ ಸಂಬಂಧಿಸಿದ ಸಂಸ್ಥೆಗಳ ನಡುವೆ ಹೊಂದಾಣಿಕೆ ತರಲೆಂದೇ 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ರೂಪುಗೊಂಡಿದೆ. ‘ಬಸ್ಸಿನವರನ್ನು ಕೇಳಿ’ ಎಂಬ ಉತ್ತರಕ್ಕೆ ಇನ್ನು ಅವಕಾಶವಿರಕೂಡದು. ಬಂದ ಆಕ್ಷೇಪಣೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರಗಳನ್ನೂ ಕನ್ನಡದಲ್ಲಿ ಪಟ್ಟಿ ಮಾಡಿ, ಟೆಂಡರ್ ಕರೆಯುವುದಕ್ಕೆ ಒಂದು ತಿಂಗಳು ಮೊದಲೇ ವಾರ್ಡ್ ಕಚೇರಿಯ ಫಲಕದಲ್ಲಿ ಹಾಕುವ ಕ್ರಮವನ್ನು ಸರ್ಕಾರ ಕಡ್ಡಾಯಗೊಳಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ನಿವೃತ್ತ ಶಿಕ್ಷಕ, ಬೆಂಗಳೂರು