ಲಿಂಕನ್ ನಿಜವಾಗಿ ಬರೆದ ಪತ್ರವನ್ನೇ ಪ್ರಕಟಿಸಿ

ಮಾನ್ಯ ಸಂಪಾದಕರೇ,

ಈ ಸಲದ ಶಿಕ್ಷಕರ ದಿನಾಚರಣೆಯ ಪುರವಣಿಯಲ್ಲಿ ‘ಅಬ್ರಹಾಂ ಲಿಂಕನ್ ತಮ್ಮ ಮಗನ ಶಿಕ್ಷಕರಿಗೆ ಬರೆದ ಪತ್ರ’ವನ್ನು ಚಿತ್ರದ ಸಮೇತ ಅರ್ಧ ಪುಟ ಹಾಕಿದ್ದೀರಿ. ಆ ಪತ್ರವನ್ನು ಲಿಂಕನ್ ಬರೆದರು ಎನ್ನಲು ಯಾವ ಆಧಾರವೂ ಇಲ್ಲ. ಮುಂದಿನ ಸೆಪ್ಟೆಂಬರ್ 5ಕ್ಕೆ ದಯವಿಟ್ಟು ಅದನ್ನು ಬಿಡಿ. ಅದರ ಜಾಗದಲ್ಲಿ ಅವರು ನಿಜವಾಗಿ ಬರೆದ ಒಂದು ಪತ್ರ ಹಾಕಿ. ಯಾವುದನ್ನು ಹಾಕಬಹುದು ಎನ್ನುವುದನ್ನೂ ಇಲ್ಲೇ ಹೇಳುತ್ತೇನೆ.

ನಿಮ್ಮ ಪತ್ರಿಕೆಯೊಂದನ್ನೇ ನಾನು ದೂರುತ್ತಿಲ್ಲ. ಸೆಪ್ಟೆಂಬರ್ ಬಂತೆಂದರೆ ವಾಟ್ಸ್‌ಆ್ಯಪ್ ತುಂಬ ಇದೇ ಪತ್ರ. ವೇದಿಕೆಯ ಭಾಷಣದಲ್ಲೂ ಇದೇ. ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದ ಹೈಸ್ಕೂಲಿನಲ್ಲಿ ದಾನಿಯೊಬ್ಬರು ಇದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದ್ದರು. ಬೆವರು ಸುರಿಸಿ ಗಳಿಸಿದ ಒಂದು ಡಾಲರ್ ದಾರಿಯಲ್ಲಿ ಸಿಕ್ಕಿದ ಐದು ಡಾಲರಿಗಿಂತ ದೊಡ್ಡದು ಎಂದು ಕಲಿಸಿ, ನಕಲು ಮಾಡುವುದಕ್ಕಿಂತ ಫೇಲಾಗುವುದು ಗೌರವ ಎಂದು ಕಲಿಸಿ, ಹೀಗೆ ಸಾಗುತ್ತದೆ ಅದು. ಎಂಟನೇ ತರಗತಿಯ ಹುಡುಗಿಯೊಬ್ಬಳು ಅದನ್ನು ಪೂರ್ತಿ ಓದಿ, “ಮೇಡಂ, ಇದು ಯಾವ ಮೇಷ್ಟ್ರಿಗೆ ಬರೆದದ್ದು? ಅವರ ಹೆಸರೇನು?” ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆ ಅದೇ. ಪತ್ರ ಎಂದಮೇಲೆ ಯಾರಿಗೋ ಬರೆದಿರಬೇಕು, ಒಂದು ದಿನ ಬರೆದಿರಬೇಕು, ಒಂದು ಊರಿನಿಂದ ಬರೆದಿರಬೇಕು. ಇದರಲ್ಲಿ ಮೂರೂ ಇಲ್ಲ.

ಲಿಂಕನ್ ಅವರ ಬರವಣಿಗೆಯನ್ನು ಅಮೆರಿಕದ ವಿದ್ವಾಂಸರು ಎಷ್ಟು ಜಾಲಾಡಿದ್ದಾರೆ ಎಂದರೆ, ಅಂಗಡಿ ಚೀಟಿಯಷ್ಟು ಸಣ್ಣ ಟಿಪ್ಪಣಿಗಳೂ ಅಚ್ಚಾಗಿವೆ. ರಾಯ್ ಬಾಸ್ಲರ್ ಅವರ ಸಂಪಾದಕತ್ವದಲ್ಲಿ 1953ರಿಂದ 1955ರ ನಡುವೆ ಎಂಟು ಸಂಪುಟಗಳು ಬಂದವು. ಅದರಲ್ಲಿ ಈ ಪತ್ರ ಇಲ್ಲ. ಮೂಲಪ್ರತಿಯನ್ನು ಯಾರೂ ನೋಡಿಲ್ಲ. ಅಧ್ಯಕ್ಷರ ಮಗ ಮೊದಲ ದಿನ ಶಾಲೆಗೆ ಹೋದಾಗ ಬರೆದದ್ದು ಎಂಬ ಕತೆ ಅವರ ಬದುಕಿಗೂ ಹೊಂದುವುದಿಲ್ಲ. 1861ರ ಮಾರ್ಚ್‌ನಲ್ಲಿ ಅವರು ಅಧ್ಯಕ್ಷರಾದಾಗ ಹಿರಿಯ ಮಗ ರಾಬರ್ಟ್ ಆಗಲೇ ಹಾರ್ವರ್ಡ್ ವಿದ್ಯಾರ್ಥಿ. ಚಿಕ್ಕವರಾದ ವಿಲ್ಲಿ ಮತ್ತು ಟ್ಯಾಡ್‌ಗೆ ಶ್ವೇತಭವನದಲ್ಲೇ ಮನೆಪಾಠ. ಇನ್ನೊಬ್ಬ ಮಗ ಎಡ್ಡಿ 1850ರಲ್ಲೇ ತೀರಿಕೊಂಡಿದ್ದ. ಹಾಗಾದರೆ ಮೊದಲ ದಿನ ಶಾಲೆಗೆ ಹೋದವನು ಯಾರು?

ನಿಜವಾದ ಪತ್ರವನ್ನೂ ಅಲ್ಲಿನವರು ಸುಮ್ನೆ ಒಪ್ಪುವುದಿಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಐವರು ಗಂಡುಮಕ್ಕಳನ್ನು ಕಳೆದುಕೊಂಡರು ಎನ್ನಲಾದ ಬಾಸ್ಟನ್‌ನ ಬಿಕ್ಸ್‌ಬಿ ಎಂಬ ವಿಧವೆಗೆ 1864ರ ನವೆಂಬರ್ 21ರಂದು ಸಾಂತ್ವನದ ಪತ್ರ ಹೋಯಿತು. ಕೂಡಲೇ ಪತ್ರಿಕೆಯಲ್ಲಿ ಅಚ್ಚೂ ಆಯಿತು. ಆದರೆ ಮೂಲಪ್ರತಿ ಕಳೆದುಹೋಗಿದೆ. ಯುದ್ಧದಲ್ಲಿ ಮಡಿದವರು ಇಬ್ಬರೇ ಎಂದು ಆಮೇಲೆ ತಿಳಿಯಿತು. ಬರೆದವರು ಲಿಂಕನ್ನೋ ಅವರ ಕಾರ್ಯದರ್ಶಿ ಜಾನ್ ಹೇಯೋ ಎಂಬ ವಾದ ತಲೆಮಾರುಗಳಿಂದ ನಡೆದಿದೆ. ದಿನಾಂಕ, ವಿಳಾಸ, ಪತ್ರಿಕೆಯ ಸಾಕ್ಷಿ ಎಲ್ಲ ಇರುವ ಪತ್ರಕ್ಕೇ ಇಷ್ಟು ಪರೀಕ್ಷೆ. ನಾವು ಏನೂ ಇಲ್ಲದ್ದನ್ನು ಗೋಡೆಗೆ ಹಾಕಿದ್ದೇವೆ.

“ಒಳ್ಳೆಯ ಮಾತುಗಳೇ ತಾನೇ, ಯಾರು ಬರೆದರೇನು?” ಎಂದು ನನ್ನ ಸಹೋದ್ಯೋಗಿಗಳೇ ಕೇಳಿದ್ದಾರೆ. ಹಾಗಿದ್ದರೆ ‘ಬರೆದವರು ಗೊತ್ತಿಲ್ಲ’ ಎಂದು ಹಾಕಿ, ನನ್ನ ತಕರಾರಿಲ್ಲ. ಲಿಂಕನ್ ಹೆಸರು ಹಾಕುವುದು ಆ ಹೆಸರಿನ ಬಲ ಬೇಕು ಎಂದೇ ಅಲ್ವಾ? ಆ ಬಲ ಬಂದದ್ದು ಅವರು ಬದುಕಿದ ಮತ್ತು ಬರೆದ ರೀತಿಯಿಂದ. ಅದನ್ನೇ ಓದದೆ ಹೆಸರನ್ನು ಮಾತ್ರ ಎರವಲು ಪಡೆಯುವುದು ಅವರಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಈ ಒಂದು ಪತ್ರ ಎಲ್ಲ ಜಾಗವನ್ನೂ ಆಕ್ರಮಿಸಿಕೊಂಡಿರುವುದರಿಂದ ನಿಜವಾದವು ನಮ್ಮ ಮಕ್ಕಳ ಕಣ್ಣಿಗೇ ಬೀಳುತ್ತಿಲ್ಲ.

ಈಗ ನಾನು ಸೂಚಿಸುವ ಪತ್ರಕ್ಕೆ ಬರುತ್ತೇನೆ. 1860ರ ಜುಲೈ 22, ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್. ಲಿಂಕನ್ ಆಗ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿ. ಹಿಂದಿನ ದಿನ ಮಗ ರಾಬರ್ಟ್‌ನಿಂದ ಒಂದು ಕಾಗದ ಬಂದಿರುತ್ತದೆ. ಅವನ ಗೆಳೆಯ ಜಾರ್ಜ್ ಲೇಥಮ್‌ಗೆ ಹಾರ್ವರ್ಡ್ ಪ್ರವೇಶ ಸಿಗಲಿಲ್ಲ ಎಂದು ಅದರಲ್ಲಿ ತಿಳಿಯುತ್ತದೆ. ರಾಬರ್ಟ್ ಕೂಡ ಮೊದಲ ಸಲ ಅದೇ ಪರೀಕ್ಷೆಯಲ್ಲಿ ಫೇಲಾಗಿದ್ದವನು. ಫಿಲಿಪ್ಸ್ ಎಕ್ಸಿಟರ್ ಅಕಾಡೆಮಿಯಲ್ಲಿ ಒಂದು ವರ್ಷ ಓದಿ ಮತ್ತೆ ಬರೆದು ಪಾಸಾಗಿದ್ದ. ಕಾಗದ ಬಂದ ಮರುದಿನವೇ ಲಿಂಕನ್ ಆ ಗೆಳೆಯನಿಗೆ ಬರೆಯಲು ಕೂರುತ್ತಾರೆ. ನೀನು ಹಾರ್ವರ್ಡ್‌ಗೆ ಸೇರಲಾಗಲಿಲ್ಲ ಎಂದು ತಿಳಿದಾಗ ಆದಷ್ಟು ನೋವು ನನಗೆ ಜೀವನದಲ್ಲಿ ಹೆಚ್ಚು ಸಲ ಆಗಿಲ್ಲ ಎಂದು ಶುರು ಮಾಡುತ್ತಾರೆ. ಆದರೆ ನಿರಾಶೆ ನಿನ್ನನ್ನು ಹಿಡಿದು ತಿನ್ನಲು ಬಿಡದಿದ್ದರೆ ಇದರಲ್ಲಿ ಅಂಥದ್ದೇನೂ ಇಲ್ಲ ಎನ್ನುತ್ತಾರೆ. ಸೋಲಬಾರದು ಎಂದು ಗಟ್ಟಿಯಾಗಿ ನಿಶ್ಚಯ ಮಾಡಿದರೆ ನೀನು ಸೋಲಲಾರೆ, ವಯಸ್ಸಾದ, ಕಷ್ಟ ಉಂಡ ಒಬ್ಬನ ಭರವಸೆ ಇದು, ಇದಕ್ಕಿಂತ ಬೇರೆ ಸಹಾಯ ಹೇಗೆ ಮಾಡಲಿ ತಿಳಿಯದು ಎನ್ನುತ್ತಾರೆ. ಮುಂದಿನ ಮಾತು ನಮ್ಮ ಶಿಕ್ಷಕರು ಓದಲೇಬೇಕಾದದ್ದು. ಆ ವಿದ್ಯಾಸಂಸ್ಥೆಯ ಮುಖ್ಯಸ್ಥರು ದಯೆ ಇರುವವರೇ ಆಗಿರುತ್ತಾರೆ, ನಿನಗೆ ಭೇಟಿಗೆ ಅವಕಾಶ ಕೊಡುತ್ತಾರೆ, ಎಲ್ಲಿ ತೊಡಕಾಯಿತು, ಅದನ್ನು ದಾಟುವುದು ಹೇಗೆ ಎಂದು ತೋರಿಸುತ್ತಾರೆ. ಸುಲಭವಾಗಿ ಕಾಲೇಜು ಸೇರಿದ ಎಷ್ಟೋ ಮಂದಿಗಿಂತ ನೀನು ಒಳ್ಳೆಯ ವಿದ್ವಾಂಸನಾಗಲಾರೆ ಎನ್ನಲು ಈ ತಾತ್ಕಾಲಿಕ ಸೋಲು ಸಾಕ್ಷಿಯಲ್ಲ.

ಶಿಕ್ಷಕರ ಬಗ್ಗೆ ಲಿಂಕನ್ ಬರೆದದ್ದು ಬೇಕು ಎಂದಾದರೆ ಇದಕ್ಕಿಂತ ಏನು ಬೇಕು? ಮಗುವಿಗೆ ಏನೇನು ಕಲಿಸಬೇಕು ಎಂಬ ಉದ್ದ ಪಟ್ಟಿ ಇದರಲ್ಲಿಲ್ಲ. ಫೇಲಾದ ಒಬ್ಬ ಹುಡುಗ ಇದ್ದಾನೆ. ಅವನು ಧೈರ್ಯವಾಗಿ ಹೋಗಿ ಮಾತಾಡಬಹುದಾದ ಒಬ್ಬ ಗುರು ಇದ್ದಾರೆ ಎಂಬ ನಂಬಿಕೆ ಇದೆ. ರಿಸಲ್ಟ್ ದಿನ ಮನೆಗೆ ಹೋಗಲು ಹೆದರಿ ಶಾಲೆಯ ಜಗಲಿಯಲ್ಲೇ ಕೂತ ಮಕ್ಕಳನ್ನು ನಾನು ನೋಡಿದ್ದೇನೆ. ಅವರಿಗೆ ಓದಿ ಹೇಳಬಹುದಾದ ಪತ್ರ ಇದು.

ಈ ಮಾತು ಬರೆದವರಿಗೆ ಶಾಲೆಯ ಭಾಗ್ಯವೇ ಇರಲಿಲ್ಲ. 1859ರ ಡಿಸೆಂಬರ್ 20ರಂದು ಜೆಸ್ಸಿ ಫೆಲ್ ಎಂಬ ಮಿತ್ರರಿಗೆ ತಮ್ಮ ಬಗ್ಗೆ ಚಿಕ್ಕ ಪರಿಚಯ ಬರೆದುಕೊಡುವಾಗ, ತಾವು ಬೆಳೆದ ಕಡೆ ಶಾಲೆ ಎಂದು ಕರೆಯುವಂಥ ಕೆಲವು ಇದ್ದವು, ಓದು, ಬರಹ ಮತ್ತು ತ್ರೈರಾಶಿಯವರೆಗಿನ ಲೆಕ್ಕ ಬಂದರೆ ಮೇಷ್ಟ್ರಾಗಬಹುದಿತ್ತು ಎಂದು ಲಿಂಕನ್ ಹೇಳುತ್ತಾರೆ. ಮರುವರ್ಷದ ಇನ್ನೊಂದು ಟಿಪ್ಪಣಿಯಲ್ಲಿ ತಮ್ಮ ಶಾಲಾ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ಆಗುವುದಿಲ್ಲ ಎಂದು ಬರೆದಿದ್ದಾರೆ.

ಮಕ್ಕಳ ಪುಟಕ್ಕೆ ಬೇಕಾದರೆ ಗ್ರೇಸ್ ಬೆಡೆಲ್ ಇದ್ದಾಳೆ. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್‌ನ ಹನ್ನೊಂದು ವರ್ಷದ ಹುಡುಗಿ. ಗಡ್ಡ ಬಿಡಿ, ಮುಖ ಚೆನ್ನಾಗಿ ಕಾಣುತ್ತದೆ ಎಂದು 1860ರ ಅಕ್ಟೋಬರ್‌ನಲ್ಲಿ ಬರೆದಳು. ನಾಲ್ಕೇ ದಿನದ ನಂತರದ ತಾರೀಖಿನಲ್ಲಿ ಉತ್ತರ ಇದೆ. ಗಡ್ಡ ಬಂದದ್ದನ್ನು ನಾವೆಲ್ಲ ಚಿತ್ರದಲ್ಲಿ ನೋಡಿದ್ದೇವೆ.

ನನಗೆ ಬಹಳ ಹತ್ತಿರವಾದದ್ದು ಮಾತ್ರ 1862ರ ಡಿಸೆಂಬರ್ 23ರ ಪತ್ರ. ಫ್ಯಾನಿ ಮೆಕಲ್ಲಾ ಎಂಬ ಹುಡುಗಿಗೆ ಬರೆದದ್ದು. ಅವಳ ತಂದೆ ಇಲಿನಾಯ್‌ನ ಬ್ಲೂಮಿಂಗ್ಟನ್‌ನಲ್ಲಿ ಕೋರ್ಟ್ ಗುಮಾಸ್ತರಾಗಿದ್ದವರು. ವಕೀಲಿಕೆಯ ದಿನಗಳಿಂದ ಲಿಂಕನ್‌ಗೆ ಪರಿಚಿತರು. ಆ ತಿಂಗಳ ಆರಂಭದಲ್ಲಿ ಮಿಸಿಸಿಪಿಯ ಕಾಫೀವಿಲ್ ಬಳಿ ಯುದ್ಧದಲ್ಲಿ ಮಡಿದರು. ಹುಡುಗಿ ಊಟ, ಮಾತು ಬಿಟ್ಟಿದ್ದಾಳೆ ಎಂಬ ಸುದ್ದಿ ಅಧ್ಯಕ್ಷರಿಗೆ ಮುಟ್ಟಿತು. ಈ ಲೋಕದಲ್ಲಿ ದುಃಖ ಎಲ್ಲರಿಗೂ ಬರುತ್ತದೆ, ಆದರೆ ಎಳೆಯರಿಗೆ ಅದು ಜಾಸ್ತಿ ಕಹಿ, ಏಕೆಂದರೆ ಅವರು ಅದಕ್ಕೆ ಸಿದ್ಧರಿರುವುದಿಲ್ಲ ಎಂದು ಬರೆದರು. ಮುಂದೆಂದಾದರೂ ಸರಿಹೋಗುತ್ತದೆ ಎಂದು ನಿನಗೀಗ ಅನಿಸುವುದೇ ಇಲ್ಲ, ಹೌದಲ್ಲವೇ? ಆದರೆ ಅದು ತಪ್ಪು. ನೀನು ಮತ್ತೆ ನಗುನಗುತ್ತ ಇರುತ್ತೀಯ. ಅನುಭವದಿಂದ ಹೇಳುತ್ತಿದ್ದೇನೆ. ಆ ಅನುಭವ ಯಾವುದು ಎಂದು ಪತ್ರದಲ್ಲಿ ವಿವರಿಸಿಲ್ಲ. ಒಂಬತ್ತು ವರ್ಷ ವಯಸ್ಸಿಗೇ ಅವರ ತಾಯಿ ಹೋಗಿದ್ದರು. ಈ ಪತ್ರ ಬರೆದ ವರ್ಷವೇ ಫೆಬ್ರುವರಿಯಲ್ಲಿ ಹನ್ನೊಂದರ ವಿಲ್ಲಿ ಶ್ವೇತಭವನದಲ್ಲೇ ತೀರಿಕೊಂಡಿದ್ದ. ಕೋವಿಡ್ ಕಾಲದಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳು ನಮ್ಮ ತರಗತಿಗಳಲ್ಲೂ ಇದ್ದಾರೆ. ಅವರ ಶಿಕ್ಷಕರ ಕೈಗೆ ಈ ಪತ್ರ ಸಿಗಬೇಕು.

ಕಲೆಯ ಬಗ್ಗೆ ಓದಲು ಆಸೆ ಇರುವವರಿಗೆ, ಜೇಮ್ಸ್ ಹ್ಯಾಕೆಟ್ ಎಂಬ ರಂಗನಟರಿಗೆ 1863ರ ಆಗಸ್ಟ್ 17ರಂದು ಬರೆದದ್ದಿದೆ. ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನ ಮುಗಿದು ಇನ್ನೂ ಎರಡು ತಿಂಗಳಾಗಿಲ್ಲ. ಷೇಕ್ಸ್‌ಪಿಯರ್‌ನ ಕೆಲವು ನಾಟಕ ನಾನು ಓದೇ ಇಲ್ಲ, ಕೆಲವನ್ನು ಮತ್ತೆ ಮತ್ತೆ ಓದಿದ್ದೇನೆ, ಮ್ಯಾಕ್‌ಬೆತ್‌ಗೆ ಸಾಟಿ ಇಲ್ಲ ಎನ್ನುತ್ತಾರೆ. ಹ್ಯಾಮ್ಲೆಟ್‌ನಲ್ಲಿ ಎಲ್ಲರೂ ಹೊಗಳುವ ಸ್ವಗತಕ್ಕಿಂತ, ಕೊಲೆ ಮಾಡಿದ ರಾಜ ತನ್ನ ಪಾಪವನ್ನು ಹೇಳಿಕೊಳ್ಳುವ ಮಾತು ಮೇಲು ಎಂಬುದು ಅವರ ಅಭಿಪ್ರಾಯ. ಹ್ಯಾಕೆಟ್ ಅದನ್ನು ಅಚ್ಚು ಹಾಕಿಸಿ ಹಂಚಿಬಿಟ್ಟರು. ಪತ್ರಿಕೆಗಳು ಅಧ್ಯಕ್ಷರ ರುಚಿಯನ್ನು ಲೇವಡಿ ಮಾಡಿದವು. ನೊಂದ ನಟನಿಗೆ ಲಿಂಕನ್ನರೇ ನವೆಂಬರ್‌ನಲ್ಲಿ ಸಮಾಧಾನ ಹೇಳಿದರು. ದ್ವೇಷವಿಲ್ಲದ ಗೇಲಿಯನ್ನು ಬಹಳ ಸಹಿಸಿದ್ದೇನೆ, ಗೇಲಿ ಬೆರೆತ ಪ್ರೀತಿಯನ್ನೂ ಬಹಳ ಪಡೆದಿದ್ದೇನೆ, ನನಗೆ ರೂಢಿಯಾಗಿದೆ.

ಧರ್ಮದ ವಿಚಾರಕ್ಕೆ ಬಂದರೆ ತಾರೀಖಿಲ್ಲದ ಒಂದು ಹಾಳೆ ಇದೆ. ಯಾರಿಗೂ ತೋರಿಸಲು ಬರೆದದ್ದಲ್ಲ. ಜಾನ್ ಹೇ ಅದನ್ನು ಉಳಿಸಿದರು. ದೊಡ್ಡ ಹೋರಾಟಗಳಲ್ಲಿ ಎರಡೂ ಪಕ್ಷದವರು ದೇವರು ನಮ್ಮ ಕಡೆ ಎನ್ನುತ್ತಾರೆ. ಇಬ್ಬರೂ ತಪ್ಪಿರಬಹುದು, ಒಬ್ಬರಂತೂ ತಪ್ಪಿರಲೇಬೇಕು. ಯುದ್ಧ ನಡೆಸುತ್ತಿದ್ದ ಅಧ್ಯಕ್ಷರು ದೇವರು ನನ್ನ ಕಡೆಯೇ ಎಂದು ಬರೆದುಕೊಳ್ಳಲಿಲ್ಲ. ದೇವರ ಉದ್ದೇಶ ಎರಡೂ ಪಕ್ಷಗಳ ಉದ್ದೇಶಕ್ಕಿಂತ ಬೇರೆಯೇ ಇರಬಹುದು ಎಂದು ಬರೆದುಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಆ ಮನುಷ್ಯನ ಮೇಲೆ ಗೌರವ ಹೆಚ್ಚುತ್ತದೆ. 1864ರ ಸೆಪ್ಟೆಂಬರ್ 4ರಂದು ಎಲಿಜಾ ಗರ್ನಿ ಎಂಬ, ಕ್ವೇಕರ್ ಎನ್ನುವ ಕ್ರೈಸ್ತ ಪಂಥದ ಮಹಿಳೆಗೆ ಬರೆದ ಪತ್ರದಲ್ಲೂ ಇದೇ ಮನಸ್ಸಿದೆ. ಕ್ವೇಕರರು ಯುದ್ಧವನ್ನೂ ಒಪ್ಪರು, ಗುಲಾಮಗಿರಿಯನ್ನೂ ಒಪ್ಪರು. ಯುದ್ಧವಿಲ್ಲದೆ ಗುಲಾಮಗಿರಿ ಹೋಗುವಂತೆ ಕಾಣದಿದ್ದ ಕಾಲದಲ್ಲಿ ಅವರ ಸಂಕಟ ಎಂಥದ್ದು ಎನ್ನುವುದು ಲಿಂಕನ್‌ಗೆ ಅರ್ಥವಾಗಿತ್ತು.

ಸಂಪಾದಕರಾದ ನಿಮಗೆ ಇನ್ನೆರಡನ್ನು ಹೇಳಲೇಬೇಕು. ಇವು ಪತ್ರಿಕಾ ಸಂಪಾದಕರಿಗೇ ಬರೆದವು. ಒಂದು, ನ್ಯೂಯಾರ್ಕ್ ಟ್ರಿಬ್ಯೂನ್‌ನ ಹೊರೇಸ್ ಗ್ರೀಲಿಗೆ, 1862ರ ಆಗಸ್ಟ್ 22ರಂದು. ಅಮೆರಿಕದ ರಾಜ್ಯಗಳ ಒಕ್ಕೂಟವನ್ನು ಉಳಿಸುವುದೇ ನನ್ನ ಮುಖ್ಯ ಗುರಿ, ಗುಲಾಮಗಿರಿಯನ್ನು ಉಳಿಸುವುದೂ ಅಲ್ಲ, ಅಳಿಸುವುದೂ ಅಲ್ಲ ಎಂದರು. ಗುಲಾಮರ ವಿಮೋಚನೆಯ ಘೋಷಣೆಯ ಕರಡನ್ನು ಅದಕ್ಕೆ ಒಂದು ತಿಂಗಳ ಹಿಂದೆಯೇ ಸಚಿವ ಸಂಪುಟಕ್ಕೆ ಓದಿ ಹೇಳಿದ್ದರು! ಇನ್ನೊಂದು ಕೆಂಟಕಿಯ ಆಲ್ಬರ್ಟ್ ಹಾಜಸ್‌ಗೆ, 1864ರ ಏಪ್ರಿಲ್ 4ರಂದು. ಗುಲಾಮಗಿರಿ ತಪ್ಪಲ್ಲ ಎಂದರೆ ಯಾವುದೂ ತಪ್ಪಲ್ಲ ಎನ್ನುತ್ತಾರೆ. ಆದರೆ ಮನಸ್ಸಿಗೆ ಹಾಗೆ ಅನಿಸಿದ ಮಾತ್ರಕ್ಕೆ ಅಧ್ಯಕ್ಷನಾಗಿ ಏನು ಬೇಕಾದರೂ ಮಾಡುವ ಹಕ್ಕು ನನಗೆ ಸಿಕ್ಕಂತಲ್ಲ ಎಂದೂ ಸೇರಿಸುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಬ್ಬ ರಾಜಕಾರಣಿಯ ಲೆಕ್ಕಾಚಾರ, ಒಬ್ಬ ಮನುಷ್ಯನ ನೋವು ಎರಡೂ ಕಾಣುತ್ತವೆ. ಪಿಯುಸಿ ಇತಿಹಾಸದ ಮಕ್ಕಳಿಗೆ ಚರ್ಚೆಗೆ ಕೊಟ್ಟರೆ ಇಡೀ ಪೀರಿಯಡ್ ಸಾಲುವುದಿಲ್ಲ.

ಇವೆಲ್ಲ ಸಿಗುವುದು ಕಷ್ಟವೂ ಅಲ್ಲ. ತಂದೆಯ ಕಾಗದಗಳನ್ನು ರಾಬರ್ಟ್ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. ನಾನು ಸತ್ತು 21 ವರ್ಷ ಆಗುವವರೆಗೆ ತೆರೆಯಬಾರದು ಎಂಬ ಷರತ್ತು ಹಾಕಿದ್ದರು. 1947ರ ಜುಲೈ 26ರಂದು ಪೆಟ್ಟಿಗೆಗಳು ತೆರೆದವು. ನಮಗೆ ಸ್ವಾತಂತ್ರ್ಯ ಬರಲು ಆಗ ಇನ್ನು ಮೂರು ವಾರವೂ ಇರಲಿಲ್ಲ. ಈಗ ಆ ಹಾಳೆಗಳ ಚಿತ್ರಗಳನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು, ಕಾಸು ಕೊಡದೆ ನೋಡಬಹುದು. 2018ರಿಂದ ಆ ಗ್ರಂಥಾಲಯ ಜನರ ಸಹಾಯದಿಂದಲೇ ಹಳೆಯ ಕೈಬರಹವನ್ನು ಓದಿಸಿ ಟೈಪ್ ಮಾಡಿಸುತ್ತಿದೆ. ಜನಸಾಮಾನ್ಯರು ಲಿಂಕನ್‌ಗೆ ಬರೆದ ಕಾಗದಗಳು ಅದರ ಮೊದಲ ಕಂತಿನಲ್ಲೇ ಇದ್ದವು. ನಾನು ಸಂಜೆ ಹೊತ್ತು ಟ್ಯಾಬ್‌ನಲ್ಲಿ ಅವನ್ನು ಓದುತ್ತೇನೆ. ಶಾಯಿ ಹರಡಿದ್ದು, ಒಂದು ಪದ ಹೊಡೆದು ಇನ್ನೊಂದು ಬರೆದದ್ದು, ಎಲ್ಲ ಕಾಣುತ್ತದೆ. ನಿಮ್ಮ ಉಪಸಂಪಾದಕರು ಅರ್ಧ ಗಂಟೆ ಕೊಟ್ಟರೆ ಪತ್ರ ನಿಜವೋ ಸುಳ್ಳೋ ನೋಡಿಬಿಡಬಹುದು.

ಲೇಥಮ್‌ಗೆ ಬರೆದ ಪತ್ರದ ನನ್ನ ಅನುವಾದವನ್ನು ಇದರ ಜೊತೆ ಇಟ್ಟಿದ್ದೇನೆ. ಅರ್ಧ ಪುಟ ಬೇಕಾಗಿಲ್ಲ, ಎರಡು ಕಾಲಂ ಸಾಕು. ತಿದ್ದಿ, ಮೂಲದೊಂದಿಗೆ ಹೋಲಿಸಿ ನೋಡಿ ಹಾಕಿ. ನನ್ನ ಹೆಸರು ಹಾಕಬೇಕಿಲ್ಲ, ಆದರೆ ಪತ್ರದ ತಾರೀಖು, ಊರು, ಯಾರಿಗೆ ಬರೆದದ್ದು ಎನ್ನುವುದನ್ನು ಬಿಡಬೇಡಿ. ಸೆಪ್ಟೆಂಬರ್‌ವರೆಗೆ ಕಾಯದೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನವೇ ಹಾಕಿದರೆ ಇನ್ನೂ ಒಳ್ಳೆಯದು.

— ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ, ಸಿರಸಿ