ಕೊಯ್ಲಿಗೆ ಮುನ್ನ ಗಿಡ ‘ತೊಳೆಯುವ’ ಸಲಹೆಯ ಕುರಿತು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಈಚೆಗೆ ಮಣ್ಣಿಲ್ಲದ ಬೇಸಾಯವನ್ನು ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕೆನಡಾ ಮತ್ತು ಅಮೆರಿಕದ ಗಾಂಜಾ ಬೆಳೆಗಾರರು ಕೊಯ್ಲಿಗೆ ಒಂದೆರಡು ವಾರ ಮೊದಲೇ ರಸಗೊಬ್ಬರ ನಿಲ್ಲಿಸಿ, ಕುಂಡಗಳಿಗೆ ಬರೀ ನೀರನ್ನು ಧಾರಾಳವಾಗಿ ಹರಿಸಿ, ಗಿಡದೊಳಗಿನ ರಾಸಾಯನಿಕವನ್ನೆಲ್ಲ ಹೊರಹಾಕುತ್ತಾರೆಂದೂ ನಮ್ಮ ತರಕಾರಿ ಬೆಳೆಗಾರರೂ ಹೀಗೆಯೇ ಮಾಡಬೇಕೆಂದೂ ಅದರಲ್ಲಿ ಹೇಳಲಾಗಿದೆ. ತಳೇಗಾಂವ್ ದಾಭಾಡೆಯ ಬಳಿ ಪಾಲಿಹೌಸಿನಲ್ಲಿ ಲೆಟಿಸ್ ಮತ್ತು ಪಾಲಕ್ ಬೆಳೆಯುವ ನನಗೆ ಈ ಸಲಹೆ ಅರ್ಧ ಸರಿ, ಅರ್ಧ ತಪ್ಪು ಎನ್ನಿಸಿತು. ತಪ್ಪಾದ ಅರ್ಧವನ್ನು ಪುಣೆ ಜಿಲ್ಲೆಯ ಎರೆಭೂಮಿಗೆ ತಂದರೆ ನೀರೂ ಹಾಳು, ಬಾವಿಯೂ ಹಾಳು. ಆದ್ದರಿಂದ ಈ ಪತ್ರ.

ಮೊದಲು ಗಾಂಜಾದ ವಿಷಯವನ್ನೇ ನೋಡೋಣ. ಕೆನಡಾದಲ್ಲಿ 2018ರಿಂದ ಇದು ಕಾನೂನುಬದ್ಧ ಬೆಳೆ. ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಬೆಳೆಯುವುದು ಅಪರಾಧ. ಉತ್ತರಾಖಂಡದಂಥ ರಾಜ್ಯಗಳಲ್ಲಿ ನಾರು ಮತ್ತು ಬೀಜಕ್ಕಾಗಿ ಅಮಲಿನ ಅಂಶ ತೀರಾ ಕಡಿಮೆಯಿರುವ ತಳಿಗಳಿಗೆ ಮಾತ್ರ ಪರವಾನಗಿಯುಂಟು. ಕೆನಡಾ, ಅಮೆರಿಕದ ಬೆಳೆಗಾರರ ನಂಬಿಕೆಯೇನೆಂದರೆ, ಗಿಡ ಹೀರಿಕೊಂಡ ಗೊಬ್ಬರ ಹೂತೆನೆಯಲ್ಲಿ ಉಳಿದು ಹೊಗೆಯನ್ನು ಖಾರವಾಗಿಸುತ್ತದೆ, ಬೂದಿಯನ್ನು ಕಪ್ಪಾಗಿಸುತ್ತದೆ, ನೀರು ಹರಿಸಿದರೆ ಅದು ಇಳಿದುಹೋಗುತ್ತದೆ ಎಂಬುದು. ಆದರೆ ಗಿಡ ನಾವು ಜಾಲಿಸಿ ಇಡುವ ಪಾತ್ರೆಯಲ್ಲ. ಬೇರಿಗೆ ಸುರಿದ ನೀರು ಬೇರಿನ ಸುತ್ತ ಕೂತ ಉಪ್ಪನ್ನು ಕರಗಿಸಿ ಒಯ್ಯಬಲ್ಲದೇ ಹೊರತು, ಎಲೆಯ ಹಸಿರಿನಲ್ಲಿ, ಪ್ರೋಟೀನಿನಲ್ಲಿ, ಜೀವಕೋಶದ ಗೋಡೆಯಲ್ಲಿ ಸೇರಿಹೋದ ಸಾರಜನಕವನ್ನಾಗಲಿ ಸುಣ್ಣವನ್ನಾಗಲಿ ಮರಳಿ ಬೇರಿನ ದಾರಿಯಿಂದ ಹೊರಗೆಳೆಯಲಾರದು. ಗೊಬ್ಬರ ನಿಂತಾಗ ಹಳೆಯ ಎಲೆಗಳು ಹಳದಿಯಾಗುವುದನ್ನು ತೋರಿಸಿ ‘ನೋಡಿ, ತೊಳೆದುಹೋಯಿತು’ ಎನ್ನುತ್ತಾರೆ. ಅಲ್ಲಿ ನಡೆಯುತ್ತಿರುವುದು ಬೇರೆ: ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಸಿಯಂ ಇವು ಗಿಡದೊಳಗೆ ಚಲಿಸಬಲ್ಲವಾದ್ದರಿಂದ, ಹಸಿದ ಗಿಡ ಅವನ್ನು ಹಳೆಯ ಎಲೆಯಿಂದ ಕಿತ್ತು ಬೆಳೆಯುತ್ತಿರುವ ಭಾಗಕ್ಕೆ, ಅಂದರೆ ಹೂತೆನೆಯ ಕಡೆಗೇ ಸಾಗಿಸುತ್ತದೆ. ಯಾವ ಭಾಗವನ್ನು ಬರಿದು ಮಾಡಬೇಕೆಂದು ಹೊರಟರೋ ಆ ಭಾಗಕ್ಕೇ ಗಿಡ ತನ್ನಲ್ಲಿದ್ದುದನ್ನು ಬಡಿಸುತ್ತದೆ.

ಅಮೆರಿಕದ ಕೊಲೊರಾಡೋದಲ್ಲಿ ಒಂದು ಕಂಪನಿ 14, 10 ಮತ್ತು 7 ದಿನ ಬರೀ ನೀರು ಕೊಟ್ಟ ಗಿಡಗಳನ್ನೂ ಕೊನೆಯವರೆಗೆ ಗೊಬ್ಬರ ಕೊಟ್ಟ ಗಿಡಗಳನ್ನೂ ಹೋಲಿಸಿ ನೋಡಿತು. ಇಳುವರಿಯಲ್ಲಿ, ಅಮಲಿನ ಅಂಶದಲ್ಲಿ, ಪರಿಮಳದ ತೈಲಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆ ಕಂಪನಿ ಗೊಬ್ಬರ ಮಾರುವಂಥದ್ದು, ಆದಕಾರಣ ಓದುಗರು ಅದರ ಮಾತನ್ನು ತುಸು ಎಚ್ಚರದಿಂದಲೇ ತೆಗೆದುಕೊಳ್ಳಲಿ. ಆದರೂ ಫಲಿತಾಂಶ ಸಸ್ಯಶಾಸ್ತ್ರ ಹೇಳುವುದಕ್ಕೆ ಹೊಂದಿಕೆಯಾಗಿದೆ. ಹೊಗೆಯ ಹದವನ್ನು ನಿರ್ಧರಿಸುವುದು ಬಹುಮಟ್ಟಿಗೆ ಕೊಯ್ಲಿನ ನಂತರದ ಕೆಲಸ. ತಂಪಾದ ಕತ್ತಲೆ ಕೋಣೆಯಲ್ಲಿ ನಿಧಾನವಾಗಿ ಒಣಗಿಸಿ, ಬಳಿಕ ಮುಚ್ಚಿಟ್ಟು ಹದಮಾಡಿದರೆ ಎಲೆಯ ಹಸಿರೂ ಸಕ್ಕರೆಯೂ ಒಡೆದು ಕಮ್ಮಿಯಾಗುತ್ತವೆ. ಅವಸರದಲ್ಲಿ ಒಣಗಿಸಿದ್ದು ಎಷ್ಟು ನೀರು ಹರಿಸಿದರೂ ಖಾರವಾಗಿಯೇ ಉಳಿಯುತ್ತದೆ.

ಇದು ಕನ್ನಡಿಗರಿಗೆ ಹೊಸ ವಿಷಯವೂ ಅಲ್ಲ. ನಮ್ಮ ಮನೆತನ ನಿಪ್ಪಾಣಿ ಕಡೆಯದು, ಬೀಡಿ ತಂಬಾಕಿನ ಹೊಲಗಳ ನಡುವೆ ಬೆಳೆದವರು ನಾವು. ಸಾರಜನಕ ಕೊನೆಯವರೆಗೂ ಸಿಗುತ್ತಿದ್ದರೆ ತಂಬಾಕಿನ ಎಲೆ ಹಸಿರಾಗಿಯೇ ನಿಲ್ಲುತ್ತದೆ, ಹದವಾಗಿ ಮಾಗುವುದಿಲ್ಲ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಹಾಗೆಯೇ ಎಲೆಯಲ್ಲಿ ಪೊಟ್ಯಾಷ್ ಚೆನ್ನಾಗಿದ್ದರೆ ಅದು ಸರಾಗವಾಗಿ ಉರಿಯುತ್ತದೆ, ಕ್ಲೋರೈಡ್ ಹೆಚ್ಚಾದರೆ ಕೆಂಡ ಹಿಡಿಯದೆ ಆರಿಹೋಗುತ್ತದೆ; ಅದಕ್ಕೇ ತಂಬಾಕಿಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅಂದರೆ ಕ್ಲೋರೈಡ್ ರೂಪದ ಪೊಟ್ಯಾಷ್ ಬೇಡ, ಸಲ್ಫೇಟ್ ರೂಪದ ಪೊಟ್ಯಾಷ್ ಹಾಕಿ ಎಂದು ಹೇಳುತ್ತಾರೆ. ಎಂದರೆ ಬೂದಿ ಮತ್ತು ಉರಿಯ ಪ್ರಶ್ನೆ ಯಾವ ಗೊಬ್ಬರ, ಯಾವಾಗ, ಎಷ್ಟು ಎಂಬುದಕ್ಕೆ ಸೇರಿದ್ದು. ಅದಕ್ಕೆ ಕೊನೆಯ ವಾರ ಸುರಿಯುವ ನೀರು ಉತ್ತರವಲ್ಲ.

ಪುಣೆಯ ಸುತ್ತಲಿನ ರೈತರಂತೂ ಕೊಯ್ಲಿಗೆ ಮುನ್ನ ಮಾಡುವುದು ಇದಕ್ಕೆ ತದ್ವಿರುದ್ಧ. ಬಾರಾಮತಿ, ದೌಂಡ್ ಕಡೆಯ ಕಬ್ಬಿಗೆ ಕಟಾವಿಗೆ ಮೊದಲು ನೀರು ಕಟ್ಟುವುದನ್ನೇ ನಿಲ್ಲಿಸುತ್ತಾರೆ. ಆಗ ಬೆಳವಣಿಗೆ ನಿಂತು ಜಲ್ಲೆಯಲ್ಲಿ ಸಕ್ಕರೆ ತುಂಬುತ್ತದೆ. ಮಂಚರ್, ಚಾಕಣ್ ಕಡೆಯ ಈರುಳ್ಳಿಗೂ ಕೀಳುವ ಮೊದಲು ನೀರು ಬಿಡುವುದಿಲ್ಲ, ಬಿಟ್ಟರೆ ಗಡ್ಡೆ ಈರುಳ್ಳಿ ಕೂಡಿಡುವ ಚಪ್ಪರದಲ್ಲಿ ಕೊಳೆಯುತ್ತದೆ. ಹೀಗಿರುವಾಗ ‘ಕೊನೆಯ ವಾರ ಧಾರಾಳ ನೀರು’ ಎಂಬ ಮಾತನ್ನು ಬೆಳೆಯ ಹೆಸರು ಹೇಳದೆ ಅಚ್ಚುಮಾಡುವುದು ಅಪಾಯ.

ಎರೆಭೂಮಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಈ ಜೇಡಿಮಣ್ಣು ಪೊಟ್ಯಾಷ್, ಸುಣ್ಣ, ಅಮೋನಿಯಾ ರೂಪದ ಸಾರಜನಕ ಇವನ್ನು ತನ್ನ ಕಣಗಳ ಮೈಗೆ ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟೇ ನೀರು ಕಟ್ಟಿದರೂ ಅವು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನೀರಿನೊಡನೆ ಜಾರಿಹೋಗುವುದು ಮುಖ್ಯವಾಗಿ ಸಾರಜನಕದ ಇನ್ನೊಂದು ರೂಪವಾದ ನೈಟ್ರೇಟ್. ಅದು ಹೋಗುವುದಾದರೂ ಎಲ್ಲಿಗೆ? ಕೆಳಗಿನ ಅಂತರ್ಜಲಕ್ಕೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಹಸುಗೂಸುಗಳಿಗೆ ಹಾಲು ಕಲಸುವ ನೀರಿನಲ್ಲಿ ಅದು ಅತಿಯಾದರೆ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಂಡು ಮಗು ನೀಲಿಗಟ್ಟುವ ಕಾಯಿಲೆ ಬರಬಹುದು. ಗಾಂಜಾ ಬೆಳೆಗಾರರ ರೂಢಿಯ ಲೆಕ್ಕ ಕುಂಡದ ಮೂರರಷ್ಟು ನೀರು. ಹತ್ತು ಲೀಟರಿನ ಕುಂಡಕ್ಕೆ ಮೂವತ್ತು ಲೀಟರ್ ಎಂದಾಯಿತು. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ವಾಡಿಗಳಿರುವ ಜಿಲ್ಲೆಯಲ್ಲಿ ಇಂಥ ಲೆಕ್ಕವನ್ನು ಒಪ್ಪುವುದು ನನ್ನಿಂದಾಗದು.

ನೀರು ಹರಿಸುವುದು ನಿಜಕ್ಕೂ ಬೇಕಾಗುವ ಸಂದರ್ಭವೂ ಇದೆ. ತೆಂಗಿನ ನಾರಿನ ಪುಡಿ, ಅಂದರೆ ಕೋಕೊಪಿಟ್ ತುಂಬಿದ ಚೀಲಗಳಲ್ಲಿ ದಿನವೂ ದ್ರವಗೊಬ್ಬರ ಕೊಡುವಾಗ ಉಪ್ಪು ಶೇಖರವಾಗಿ, ಚೀಲದ ಅಂಚಿನಲ್ಲಿ ಬೆರಳಿಗೆ ಹತ್ತುವ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಸುಡುತ್ತದೆ. ಆಗ ಚೀಲದಡಿ ಸೋರುವ ನೀರನ್ನು ಬಟ್ಟಲಲ್ಲಿ ಹಿಡಿದು, ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಇ.ಸಿ. ಮೀಟರ್ ಅದ್ದಿದರೆ, ನಾವು ಕೊಟ್ಟ ದ್ರಾವಣಕ್ಕಿಂತ ಬಹಳ ಹೆಚ್ಚಿನ ಅಂಕಿ ತೋರಿಸುತ್ತದೆ. ಇಂಥ ಕಡೆ ನೀರು ಹರಿಸಲೇಬೇಕು. ಆದರೆ ಅದನ್ನು ಮಾಡಬೇಕಾದದ್ದು ಮೀಟರ್ ಹೇಳಿದ ದಿನ. ಕೊಯ್ಲಿನ ತಾರೀಕಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಲೇಖನದ ಸರಿಯಾದ ಅರ್ಧ. ಲೆಟಿಸ್, ಪಾಲಕ್‌ಗಳಂಥ ಸೊಪ್ಪುಗಳು ನೈಟ್ರೇಟನ್ನು ಅತಿಯಾಗಿ ಹೀರಿ ಎಲೆಯ ಕೋಶಗಳಲ್ಲಿ ಹಾಗೆಯೇ ಕೂಡಿಟ್ಟುಕೊಳ್ಳುತ್ತವೆ. ಅದನ್ನು ಪ್ರೋಟೀನಾಗಿಸುವ ಕೆಲಸಕ್ಕೆ ಬೆಳಕು ಬೇಕು. ಯುರೋಪಿನ ಕಾನೂನು ಹಸಿರುಮನೆಯ ಲೆಟಿಸ್‌ನಲ್ಲಿ ಕಿಲೋಗೆ ಚಳಿಗಾಲದಲ್ಲಿ 5000, ಬೇಸಿಗೆಯಲ್ಲಿ 4000 ಮಿಲಿಗ್ರಾಂ ಎಂದು ಎರಡು ಮಿತಿ ಇಟ್ಟಿರುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಚಳಿಗಾಲ ಪ್ರಶ್ನೆಯಲ್ಲ. ಆಷಾಢ, ಶ್ರಾವಣದಲ್ಲಿ ಸಹ್ಯಾದ್ರಿಯ ಅಂಚಿನ ಮಾವಳ ಭಾಗದಲ್ಲಿ ದಿನಗಟ್ಟಲೆ ಬಿಸಿಲೇ ಬೀಳದಿರುವಾಗ, ಮಂಕಾದ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಬೆಳೆದ ಸೊಪ್ಪಿನದು ಪ್ರಶ್ನೆ. ಮಣ್ಣಿಲ್ಲದೆ ನೀರಿನ ಕಾಲುವೆಗಳಲ್ಲಿ ಬೆಳೆಯುವವರು ಕೊಯ್ಲಿಗೆ ಕೆಲವು ದಿನ ಮೊದಲು ದ್ರಾವಣದಿಂದ ನೈಟ್ರೇಟನ್ನು ತೆಗೆದರೆ, ಗಿಡ ತಾನು ಕೂಡಿಟ್ಟದ್ದನ್ನೇ ಬಳಸಿಕೊಂಡು ಎಲೆಯಲ್ಲಿನ ಪ್ರಮಾಣ ಗಮನಾರ್ಹವಾಗಿ ಇಳಿಯುತ್ತದೆ. ತೂಕ ಸ್ವಲ್ಪ ಕಡಿಮೆಯಾಗಬಹುದು, ಅದನ್ನು ಒಪ್ಪಿಕೊಳ್ಳಬೇಕು. ಮುಂಜಾನೆಯ ಬದಲು ಬಿಸಿಲು ಕಂಡ ಮೇಲೆ, ಇಳಿಹೊತ್ತಿನಲ್ಲಿ ಕೊಯ್ದರೆ ಇನ್ನಷ್ಟು ಅನುಕೂಲ. ಪುಣೆಯ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ನಸುಕಿನಲ್ಲಿ ಮುಟ್ಟಿಸಲು ಹಿಂದಿನ ಸಂಜೆಯ ಕೊಯ್ಲು ಹೇಗೂ ಹೊಂದುತ್ತದೆ. ಇಲ್ಲಿ ಏನನ್ನೂ ತೊಳೆಯುತ್ತಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಗಿಡಕ್ಕೆ ಕೊಡುವುದನ್ನು ನಿಲ್ಲಿಸಿ, ಅದು ತನ್ನಲ್ಲಿರುವುದನ್ನು ಉಣ್ಣಲು ಬಿಡುತ್ತಿದ್ದೇವೆ, ಅಷ್ಟೆ.

ಒಂದು ವಿನಂತಿಯಿದೆ. ಇಲ್ಲಿನ ಪಾಲಿಹೌಸುಗಳಲ್ಲಿ ಗೊಬ್ಬರದ ಟ್ಯಾಂಕು ಕಲಸುವವರು, ವಾಲ್ವ್ ತಿರುಗಿಸುವವರು ಅನೇಕರು ವಿಜಯಪುರ, ಕಲಬುರಗಿ ಕಡೆಯಿಂದ ಬಂದ ನಮ್ಮ ಅಕ್ಕ ತಂಗಿಯರು, ಅಣ್ಣ ತಮ್ಮಂದಿರು. ಡಬ್ಬಿಗಳ ಮೇಲಿನ ಸೂಚನೆ ಇಂಗ್ಲಿಷಿನಲ್ಲಿ, ತರಬೇತಿ ಮರಾಠಿಯಲ್ಲಿ. ಮಾತು ತಿಳಿದರೂ ಓದಲು ಬರುವುದು ಕನ್ನಡವಷ್ಟೇ. ಇವರ ಕೈಗೆ ಕನ್ನಡದಲ್ಲಿ ಬರುವ ಕೃಷಿ ಮಾಹಿತಿಯೆಂದರೆ ತಮ್ಮ ಪತ್ರಿಕೆಯ ಈ ಪುಟವೇ. ಆದುದರಿಂದ ಮುಂದಿನ ಸಂಚಿಕೆಯಲ್ಲಿ ಆ ಸಲಹೆಯನ್ನು ತಿದ್ದಿ, ತಳೇಗಾಂವ್ ದಾಭಾಡೆಯ ರಾಷ್ಟ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯಲ್ಲಿಯೋ ಪುಣೆಯ ಕೃಷಿ ಕಾಲೇಜಿನಲ್ಲಿಯೋ ತಜ್ಞರನ್ನು ಕೇಳಿ, ಯಾವ ಸೊಪ್ಪಿಗೆ ಯಾವ ದಿನ ನೈಟ್ರೇಟ್ ನಿಲ್ಲಿಸಬೇಕು ಎಂಬುದನ್ನು ಟ್ಯಾಂಕಿನ ಪಕ್ಕದ ಗೋಡೆಗೆ ಅಂಟಿಸಬಹುದಾದ ಅರ್ಧ ಪುಟದಲ್ಲಿ, ದಪ್ಪ ಅಕ್ಷರಗಳಲ್ಲಿ ಮುದ್ರಿಸಿಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಸೊಪ್ಪು ಬೆಳೆಗಾರ,
ತಳೇಗಾಂವ್ ದಾಭಾಡೆ, ಪುಣೆ ಜಿಲ್ಲೆ