ಸ್ಪ್ರಿಂಗ್ ಕತ್ತರಿಸುವುದನ್ನು ಸುಧಾರಣೆ ಎನ್ನಲಾಗದು

ಮಾನ್ಯ ಸಂಪಾದಕರೇ,

ತುಮಕೂರಿನ ಯುವಕರಲ್ಲಿ ಹಳೆಯ ಜಪಾನೀ ಕಾರುಗಳ ಮೇಲಿನ ಮೋಹ ಈಚೆಗೆ ಹೆಚ್ಚುತ್ತಿರುವುದನ್ನು ತಮ್ಮ ಓದುಗರೂ ಗಮನಿಸಿರಬಹುದು. ಹೋಂಡಾ ಸಿಟಿಯ ಮೊದಲ ತಲೆಮಾರಿನ ವಿಟೆಕ್, 2006ರಲ್ಲಿ ನಮ್ಮ ದೇಶಕ್ಕೆ ಬಂದ ಸಿವಿಕ್, ಮಿತ್ಸುಬಿಷಿಯ ಲ್ಯಾನ್ಸರ್ ಮತ್ತು ಸೆಡಿಯಾ, ಮಾರುತಿಯವರ ಹಳೆಯ ಬಲೆನೊ ಇವೆಲ್ಲ ಇಂದು ಹೊಸದೊಂದು ಸಣ್ಣ ಕಾರಿಗಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತವೆ, ಮತ್ತು ಇವುಗಳ ಎಂಜಿನ್‌ಗಳು ಇಷ್ಟು ವರ್ಷಗಳ ನಂತರವೂ ಓಡಿಸುವವರಿಗೆ ಹುಮ್ಮಸ್ಸು ತರುವಷ್ಟು ಚುರುಕಾಗಿವೆ. ವಿಡಿಯೊಗಳಲ್ಲಿ ಕಾಣುವ ಸ್ಕೈಲೈನ್, ಸುಪ್ರಾಗಳನ್ನು ಜಪಾನಿನಿಂದ ತರಿಸಿಕೊಳ್ಳೋಣವೆಂದರೆ ಮೂರು ವರ್ಷಕ್ಕಿಂತ ಹಳೆಯ ಬಳಕೆಯ ಕಾರನ್ನು ಆಮದು ಮಾಡಿಕೊಳ್ಳಲು ನಮ್ಮ ನಿಯಮ ಬಿಡುವುದಿಲ್ಲವಾದ್ದರಿಂದ, ಇಲ್ಲಿಯೇ ಮಾರಾಟವಾಗಿ ಇಲ್ಲಿಯೇ ಹಳತಾದ ಈ ಕಾರುಗಳ ಮೇಲೆ ಅವರ ಕಣ್ಣು ಬೀಳುವುದು ಸಹಜವೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಪಾಲಿಟೆಕ್ನಿಕ್ ಒಂದರ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದ ನನಗೆ, ಯುವಕರು ಯಂತ್ರದ ಕೆಳಗೆ ಮಲಗಿ ಕೈ ಮಸಿ ಮಾಡಿಕೊಳ್ಳುವುದನ್ನು ಕಂಡರೆ ಸಂತೋಷವೇ ಆಗುತ್ತದೆ.

ತಕರಾರಿರುವುದು, ‘ಹ್ಯಾಂಡ್ಲಿಂಗ್’, ಅಂದರೆ ತಿರುವುಗಳಲ್ಲಿ ಕಾರಿನ ನಡೆ, ಚೆನ್ನಾಗಬೇಕೆಂದು ಇವರು ಮೊದಲು ಮಾಡಿಸುವ ಕೆಲಸದ ಬಗ್ಗೆ. ಕಾರು ಕೊಂಡ ವಾರದಲ್ಲೇ ಅದನ್ನು ಗ್ಯಾರೇಜಿಗೆ ಒಯ್ದು, ಚಕ್ರಗಳ ಬಳಿ ಕಾರಿನ ಭಾರ ಹೊರುವ ನಾಲ್ಕೂ ಸ್ಪ್ರಿಂಗ್‌ಗಳಿಂದ ಒಂದೊಂದು ಸುತ್ತು, ಕೆಲವೊಮ್ಮೆ ಒಂದೂವರೆ ಸುತ್ತು ಕತ್ತರಿಸಿ ಕಾರನ್ನು ನೆಲಕ್ಕೆ ಇಳಿಸುವುದು ಈಗ ರೂಢಿಯಾಗಿಬಿಟ್ಟಿದೆ. ಇದಕ್ಕೆ ತಗಲುವ ಖರ್ಚು ಅಲ್ಪ. ಸಂಜೆಯೊಳಗೆ ಕೆಲಸ ಮುಗಿಯುತ್ತದೆ. ನೋಡುವುದಕ್ಕೂ ಕಾರು ರೇಸಿನದರಂತೆ ಕಾಣುತ್ತದೆ. ಆದರೆ ದೇವರಾಯನದುರ್ಗದ ಕಾಡಿನ ಕಿರಿದಾದ ತಿರುವುಗಳಲ್ಲಿಯೋ ನಂದಿಬೆಟ್ಟದ ಇಳಿಜಾರಿನಲ್ಲಿಯೋ ಆ ಕಾರು ಮೊದಲಿಗಿಂತ ಕೆಟ್ಟದಾಗಿ ನಡೆದುಕೊಳ್ಳುತ್ತದೆ ಎಂಬುದನ್ನು ಅದನ್ನು ಮಾಡಿಕೊಟ್ಟವರು ಹೇಳುವುದಿಲ್ಲ.

ಇದರ ಲೆಕ್ಕ ಕಷ್ಟದ್ದಲ್ಲ. ಸ್ಪ್ರಿಂಗಿನ ಬಿಗಿ ಅದರಲ್ಲಿ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಆರು ಸುತ್ತುಗಳಿರುವ ಸ್ಪ್ರಿಂಗಿನಿಂದ ಒಂದನ್ನು ತೆಗೆದರೆ ಬಿಗಿ ಹೆಚ್ಚುವುದು ಶೇ 20ರಷ್ಟು ಮಾತ್ರ, ಆದರೆ ಕಾರು ಇಳಿಯುವುದು ಆ ಬಿಗಿಯ ಹೆಚ್ಚಳ ಸರಿದೂಗಿಸಲಾರದಷ್ಟು. ಚಕ್ರ ಮೇಲಕ್ಕೆ ಚಲಿಸಲು ಉಳಿದಿರುವ ಜಾಗ ಕಡಿಮೆಯಾಗಿ, ಸ್ವಲ್ಪ ಉಬ್ಬುತಗ್ಗು ಸಿಕ್ಕರೂ ಸಸ್ಪೆನ್ಷನ್ (ಚಕ್ರವನ್ನು ಕಾರಿಗೆ ಜೋಡಿಸಿ ಏರಿಳಿಯಲು ಬಿಡುವ ವ್ಯವಸ್ಥೆ) ಹೋಗಿ, ಅದರ ಚಲನೆಯನ್ನು ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪರ್ ರಬ್ಬರಿಗೆ ಬಡಿಯುತ್ತದೆ. ತಿರುವಿನ ಮಧ್ಯದಲ್ಲಿ ಹಾಗೆ ಬಡಿದಾಗ ಆ ಚಕ್ರದ ಮೇಲಿನ ಭಾರ ಒಮ್ಮೆಲೇ ಏರಿ, ಟೈರು ಹಿಡಿತ ಬಿಟ್ಟು ಜಾರುತ್ತದೆ. ಅದಕ್ಕಿಂತ ಅಪಾಯಕಾರಿಯಾದ ಇನ್ನೊಂದಿದೆ. ಚಕ್ರ ಹಳ್ಳಕ್ಕಿಳಿದು ಪೂರ್ತಿ ಕೆಳಗೆ ಜೋತಾಗ, ಉದ್ದ ಕಳೆದುಕೊಂಡ ಸ್ಪ್ರಿಂಗ್ ತನ್ನ ಕೂರುಗಟ್ಟೆಯಲ್ಲಿ ಸಡಿಲವಾಗುತ್ತದೆ. ಮೂಲ ಸ್ಪ್ರಿಂಗಿನ ತುದಿ ಕೂರುವುದಕ್ಕೆಂದೇ ಕೆಳಗಿನ ತಟ್ಟೆಯಲ್ಲಿ ಒಂದು ಮೆಟ್ಟಿಲಿರುತ್ತದೆ. ಗ್ರೈಂಡರಿನಲ್ಲಿ ಅಡ್ಡಡ್ಡ ಕೊಯ್ದ ತುದಿ ಅಲ್ಲಿ ಕೂರದೆ ಪಕ್ಕಕ್ಕೆ ಹೊರಳಿರುವುದನ್ನು, ತಟ್ಟೆಯ ಬಣ್ಣ ಕೆರೆದು ಹೋಗಿ ಉಕ್ಕು ಹೊಳೆಯುತ್ತಿರುವುದನ್ನು ಚಕ್ರ ಬಿಚ್ಚಿದರೆ ಯಾರಾದರೂ ಕಾಣಬಹುದು. ಕೆಲವೆಡೆ ಗ್ಯಾಸ್ ಕಟಿಂಗ್ ಹಚ್ಚುತ್ತಾರೆ, ಆಗ ಶಾಖ ತಗುಲಿದ ಕಡೆ ಉಕ್ಕಿನ ಹದವೇ ಕೆಟ್ಟು ಸ್ಪ್ರಿಂಗ್ ಅಲ್ಲಿಂದಲೇ ಮುರಿಯುವ ಸಂಭವವಿರುತ್ತದೆ.

ಇಳಿದ ಕಾರು ತಿರುವಿನಲ್ಲಿ ಕಡಿಮೆ ವಾಲುತ್ತದೆ ಎಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. ಸಿವಿಕ್, ಸೆಡಿಯಾ, ಬಲೆನೊಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಕೂಡಿರುವ ಈ ರಚನೆಯಲ್ಲಿ ಕಾರನ್ನು ಮಿತಿಮೀರಿ ಇಳಿಸಿದರೆ ಚಕ್ರವನ್ನು ಕೆಳಗಿನಿಂದ ಕಾರಿನ ಚೌಕಟ್ಟಿಗೆ ಜೋಡಿಸುವ ಲೋಯರ್ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗಿ ಓರೆಯಾಗುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು, ಅಂದರೆ ರೋಲ್ ಸೆಂಟರ್, ಗುರುತ್ವಕೇಂದ್ರ ಇಳಿದುದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಕಾರನ್ನು ವಾಲಿಸುವ ಬಲಕ್ಕೆ ಸನ್ನೆ ಉದ್ದವಾಗುತ್ತದೆ. ಇದರ ಜೊತೆಗೆ ಸ್ಟಿಯರಿಂಗಿನಿಂದ ಚಕ್ರವನ್ನು ತಿರುಗಿಸುವ ಟೈ ರಾಡಿನ ಕೋನ ಬದಲಾಗುವುದರಿಂದ, ನೆಟ್ಟಗೆ ಹಿಡಿದ ಸ್ಟಿಯರಿಂಗ್ ಇದ್ದರೂ ಉಬ್ಬಿನ ಮೇಲೆ ಕಾರು ತಾನಾಗಿ ಪಕ್ಕಕ್ಕೆ ಎಳೆಯುತ್ತದೆ, ಟೈರಿನ ಒಳಅಂಚು ಬೇಗನೆ ಸವೆಯುತ್ತದೆ. ಕಾರು ನೆಲಕ್ಕೆ ಹತ್ತಿರವಾದಷ್ಟೂ ರಸ್ತೆ ಹಿಡಿಯುತ್ತದೆ ಎಂದು ಹುಡುಗರಿಗೆ ಯಾರು ಹೇಳಿಕೊಟ್ಟರೋ ತಿಳಿಯದು.

ಹಾಗಾದರೆ ಹದಿನೈದು ಇಪ್ಪತ್ತು ವರ್ಷ ಓಡಿದ ಇಂಥ ಕಾರಿನ ನಡೆಯನ್ನು ನಿಜವಾಗಿ ಸುಧಾರಿಸುವುದು ಹೇಗೆ? ನನ್ನ ಅಭಿಪ್ರಾಯದಲ್ಲಿ ಮೊದಲ ಹಣ ಹೋಗಬೇಕಾದದ್ದು ರಬ್ಬರಿಗೆ. ಲೋಯರ್ ಆರ್ಮಿನ ಕೀಲುಗಳಲ್ಲಿ ಕೂರುವ ರಬ್ಬರಿನ ಬುಷ್‌ಗಳು ವಯಸ್ಸಾದಂತೆ ಗಟ್ಟಿಯಾಗಿ, ಬಿರುಕು ಬಿಟ್ಟು, ಒಳಗಿನ ಲೋಹದ ಕೊಳವೆ ನಡುವಿನಿಂದ ಸರಿದಿರುತ್ತದೆ. ಆರ್ಮಿನ ಸಂದಿಗೆ ಟಾಮಿ (ಸನ್ನೆಕೋಲು) ಹಾಕಿ ಮೀಟಿದರೆ ಇಡೀ ಆರ್ಮ್ ಹಿಂದೆ ಮುಂದೆ ಅಲ್ಲಾಡುವುದು ಕಣ್ಣಿಗೇ ಕಾಣುತ್ತದೆ. ಬ್ರೇಕ್ ಹಿಡಿದಾಗ ಚಕ್ರವೇ ಅಷ್ಟು ದೂರ ಹಿಂದೆ ಸರಿಯುವ ಕಾರಿಗೆ, ಅಲೈನ್‌ಮೆಂಟ್ ಯಂತ್ರದ ಮೇಲೆ ನಿಲ್ಲಿಸಿ ಎಷ್ಟೇ ಸೂಕ್ಷ್ಮವಾಗಿ ಕೋನ ಹೊಂದಿಸಿದರೂ ಅದು ರಸ್ತೆಯಲ್ಲಿ ಉಳಿಯುವುದಿಲ್ಲ. ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಸ್ಟ್ರಟ್ಟಿನ ಮೇಲಿನ ಮೌಂಟ್, ಲಿಂಕ್ ರಾಡ್ ಇಷ್ಟನ್ನು ಹೊಸದು ಮಾಡಿದರೆ ಕಾರು ಬೇರೆಯದೇ ಆಗಿಬಿಡುತ್ತದೆ. ಸಿವಿಕ್‌ನ ಹಿಂಭಾಗದ ಡಬಲ್ ವಿಶ್‌ಬೋನ್, ಸೆಡಿಯಾದ ಮಲ್ಟಿಲಿಂಕ್ ರಚನೆಗಳಲ್ಲಿ ಬುಷ್‌ಗಳ ಸಂಖ್ಯೆಯೇ ಹೆಚ್ಚು. ಹಾಗಾಗಿ ಅವುಗಳಲ್ಲಿ ಇದರ ಫಲವೂ ಎದ್ದು ಕಾಣುತ್ತದೆ.

ಈ ಕೆಲಸದಲ್ಲಿ ನಮ್ಮ ಗ್ಯಾರೇಜುಗಳು ಸಾಮಾನ್ಯವಾಗಿ ಕಡೆಗಣಿಸುವ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಜಾಕಿನ ಮೇಲೆ ಚಕ್ರಗಳು ಜೋತಿರುವಾಗಲೇ ಬುಷ್‌ಗಳ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟರೆ, ಕಾರನ್ನು ನೆಲಕ್ಕಿಳಿಸಿದೊಡನೆ ಆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಗ್ರಾಹಕರು ಬಿಡಿಭಾಗವನ್ನು ದೂರುತ್ತಾರೆ. ಬೋಲ್ಟನ್ನು ಕೈಬಿಗಿಯಷ್ಟೇ ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರ ಕೊನೆಯ ಬಿಗಿ ಕೊಡಬೇಕು. ಪಿಟ್ ಇರುವ ಗ್ಯಾರೇಜಿನಲ್ಲಿ ಇದಕ್ಕೆ ತಗಲುವುದು ಹತ್ತು ನಿಮಿಷ. ರಬ್ಬರಿನ ಬದಲು ಪಾಲಿಯುರಿಥೇನ್ ಬುಷ್ ಹಾಕಿಸುವವರೂ ಇದ್ದಾರೆ. ಅವು ಬಿಗಿಯೇನೋ ಹೌದು, ಆದರೆ ಆಗಾಗ್ಗೆ ಗ್ರೀಸ್ ಬೇಡುತ್ತವೆ, ಕಿರುಗುಟ್ಟುತ್ತವೆ, ನಮ್ಮ ರಸ್ತೆಗಳ ಪ್ರತಿಯೊಂದು ಕಲ್ಲನ್ನೂ ಕೂತವರ ಬೆನ್ನಿಗೆ ಮುಟ್ಟಿಸುತ್ತವೆ. ದಿನವೂ ಓಡಿಸುವ ಕಾರಿಗೆ ನಾನು ಅವನ್ನು ಸೂಚಿಸಲಾರೆ.

ಆಮೇಲೆ ಶಾಕ್ ಅಬ್ಸಾರ್ಬರ್. ಎಣ್ಣೆ ಸೋರಿ ಸತ್ತಿರುವ ಹಳೆಯ ಶಾಕಿಗೆ ಬಿಗಿಯಾದ ಸ್ಪ್ರಿಂಗ್ ಜೋಡಿಸಿದರೆ ಅದರ ಕುಣಿತವನ್ನು ಅಡಗಿಸುವವರಿಲ್ಲದೆ ಚಕ್ರ ನೆಲ ಬಿಟ್ಟು ನೆಗೆಯುತ್ತದೆ. ಮೂಲ ಅಳತೆಯ ಸ್ಪ್ರಿಂಗ್‌ಗಳ ಜೊತೆ ಹೊಸ ಶಾಕ್‌ಗಳನ್ನು ಜೋಡಿಯಾಗಿಯೇ ಹಾಕಿಸುವುದು ಬಹುತೇಕರಿಗೆ ಸಾಕು. ಇನ್ನೂ ಬೇಕೆನ್ನುವವರು ಅದೇ ಮಾದರಿಗೆಂದು ತಯಾರಾದ ಸ್ಪ್ರಿಂಗ್ ಮತ್ತು ಶಾಕ್‌ಗಳ ಸೆಟ್ಟನ್ನು ಕೊಳ್ಳಲಿ. ಕೆವೈಬಿ, ಟೈನ್‌ನಂಥ ಜಪಾನೀ ಕಂಪನಿಗಳ ಕಸುಬೇ ಅದು. ಎಡಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಗ್ಗಿಸುವ ಹಿಂದಿನ ಆ್ಯಂಟಿ-ರೋಲ್ ಬಾರನ್ನು ದಪ್ಪಗೊಳಿಸುವುದು ಮುಂಚಕ್ರ ಚಾಲನೆಯ ಕಾರಿನ ತಿರುವಿಗೆ ಒಳ್ಳೆಯದೇ, ಆದರೆ ಅದರ ಬಿಗಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ: 20 ಮಿಲಿಮೀಟರಿನದನ್ನು ತೆಗೆದು 22ರದನ್ನು ಹಾಕಿದರೆ ಶೇ 46ರಷ್ಟು ಹೆಚ್ಚಳ. ಮಳೆಗಾಲದಲ್ಲಿ ಇಳಿಜಾರಿನ ತಿರುವಿನಲ್ಲಿ ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟವರಿಗೆ ಕಾರಿನ ಹಿಂಭಾಗ ತಿರುಗಿ ಮುಂದೆ ಬರುವುದು ಇಂಥ ಅತಿಯಿಂದಲೇ. ಟೈರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬದಿಯಲ್ಲಿ ಮುದ್ರಿಸಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ, ಓದಿಕೊಂಡರೆ ಸಾಕು.

ನಮ್ಮ ರಸ್ತೆಗಳ ವಿಷಯವನ್ನೂ ಮರೆಯುವಂತಿಲ್ಲ. ರೋಡ್ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಹದವಾದ ಉಬ್ಬಾಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ ಅಳತೆ ಕೊಟ್ಟಿದೆ. ನಮ್ಮ ಹಳ್ಳಿಗಳ ಮುಂದೆ ಇರುವ ಹಂಪ್‌ಗಳು ಈ ಅಳತೆಯನ್ನು ಕಂಡಿಲ್ಲ. ಕಂಪನಿಯಿಂದ ಬಂದ ಎತ್ತರದಲ್ಲಿಯೇ, ನಾಲ್ಕು ಜನ ಕೂತ ಸಿವಿಕ್ ಅವುಗಳ ಮೇಲೆ ಹೊಟ್ಟೆ ಉಜ್ಜಿಕೊಂಡು ಹೋಗುತ್ತದೆಂಬುದು ಅದನ್ನು ಇಟ್ಟುಕೊಂಡವರೆಲ್ಲರ ಅನುಭವ. ಅಂಥದ್ದನ್ನು ಇನ್ನೂ ಎರಡು ಇಂಚು ಇಳಿಸಿ ಎಂಜಿನ್ ಸಂಪ್ (ಅಡಿಯ ಎಣ್ಣೆ ತೊಟ್ಟಿ) ಒಡೆದುಕೊಳ್ಳುವುದು ಯಾವ ಜಾಣತನ?

ಈ ಕಾರುಗಳ ತವರಾದ ಜಪಾನಿನಲ್ಲಿ ಸಸ್ಪೆನ್ಷನ್ ಬದಲಾವಣೆಗೆ ಅವಕಾಶವಿದೆ, ಅದರ ಬೆನ್ನಿಗೆ ತಪಾಸಣೆಯೂ ಇದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಡ್ಡಾಯ ತಪಾಸಣೆಯಲ್ಲಿ ಕಾರು ನೆಲದಿಂದ ಕನಿಷ್ಠ 9 ಸೆಂಟಿಮೀಟರ್ ಮೇಲಿರಬೇಕು, ಚಕ್ರ ಜೋತಾಗ ಸ್ಪ್ರಿಂಗ್ ಸಡಿಲವಾಗಬಾರದು. ಕತ್ತರಿಸಿದ ಸ್ಪ್ರಿಂಗ್ ಅಲ್ಲಿಯೇ ಸಿಕ್ಕಿಬೀಳುತ್ತದೆ.

ನಮ್ಮಲ್ಲಿ ಕಾನೂನು ಕಠಿಣವಾಗಿದೆ, ಆದರೆ ಮಸುಕಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಇಂಥ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ. ಅದೇ 52ನೇ ಸೆಕ್ಷನ್ನಿನ ವಿವರಣೆಯ ಪ್ರಕಾರ ಮಾರ್ಪಾಡೆಂದರೆ ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ವ್ಯತ್ಯಾಸ. ಸವೆದ ಶಾಕ್ ತೆಗೆದು ಅದೇ ಉದ್ದದ, ಅದಕ್ಕಿಂತ ಒಳ್ಳೆಯ ಶಾಕ್ ಹಾಕಿಸಿದವನು ಇದರಲ್ಲಿ ಸೇರುತ್ತಾನೆಯೇ ಇಲ್ಲವೇ ಎಂದು ಸಾಮಾನ್ಯ ಓದುಗನಿಗೆ ತಿಳಿಯುವಂತೆ ಯಾರೂ ಬಿಡಿಸಿ ಹೇಳಿಲ್ಲ. ಇದರಿಂದ ಆಗುತ್ತಿರುವುದೇನೆಂದರೆ, ಸ್ಪ್ರಿಂಗ್ ಕತ್ತರಿಸುವುದೂ ಒಳ್ಳೆಯ ಶಾಕ್ ಹಾಕಿಸುವುದೂ ಒಂದೇ ತಪ್ಪೆಂದು ಭಾವಿಸಿದವರು ಅಗ್ಗವಾದದ್ದನ್ನೇ ಆರಿಸಿಕೊಳ್ಳುತ್ತಾರೆ. ಬಿ.ಎಚ್. ರಸ್ತೆಯಲ್ಲಿ ಪೊಲೀಸರು ನಿಲ್ಲಿಸುವುದೂ ಸೈಲೆನ್ಸರ್ ಸದ್ದು ಮತ್ತು ಕಪ್ಪು ಗಾಜು ಕಂಡಾಗ ಮಾತ್ರ. ಚಕ್ರದ ಹಿಂದೆ ಇಣುಕಿ ನೋಡಿದವರನ್ನು ನಾನು ಕಾಣೆ.

ಈ ಕಾರುಗಳಲ್ಲಿ ಬಹಳಷ್ಟು ಹದಿನೈದು ವರ್ಷ ದಾಟಿ, ನೋಂದಣಿ ನವೀಕರಣಕ್ಕೆಂದು ಹೇಗಿದ್ದರೂ ಸಾರಿಗೆ ಕಚೇರಿಯ ಆವರಣಕ್ಕೆ ಬಂದೇ ಬರುತ್ತವೆ. ಆಗ ಕಾರನ್ನು ಪಿಟ್ಟಿನ ಮೇಲೆ ನಿಲ್ಲಿಸಿ ಬುಷ್, ಬಾಲ್ ಜಾಯಿಂಟ್‌ಗಳನ್ನು ಮೀಟಿ ನೋಡುವ, ಸ್ಪ್ರಿಂಗಿನ ತುದಿ ಪರೀಕ್ಷಿಸುವ, ಕತ್ತರಿಸಿದ್ದು ಕಂಡರೆ ಬದಲಾಯಿಸದ ಹೊರತು ನವೀಕರಿಸದಿರುವ ಕ್ರಮವನ್ನು ಸಾರಿಗೆ ಇಲಾಖೆ ತುಮಕೂರಿನಿಂದಲೇ ಆರಂಭಿಸಬೇಕು. ಜೊತೆಗೆ ಯಾವ ಬಿಡಿಭಾಗ ಬದಲಿಸುವುದು ದುರಸ್ತಿ, ಯಾವುದು ಮಾರ್ಪಾಡು ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಗ್ಯಾರೇಜುಗಳ ಗೋಡೆಗೆ ಅಂಟಿಸುವಂತೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ, ಸಿರಾ ಗೇಟ್, ತುಮಕೂರು